ಒಂದು ಸ್ಟಾರಿನ ಲೆಫ್ಟಿನೆಂಟ್

ಪಕ್ಕದ ಮನೆಯವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಅವಳ ಮನೆ ದೊಡ್ಡದು, ಅವಳ ಗಂಡ ಪಾತ್ರೆ ತೊಳೆಯುತ್ತಾನೆ ಎಂಬುದಕ್ಕೆಲ್ಲ ಅಲ್ಲ. ನನ್ನ ಅತ್ತೆ ಅವಳನ್ನು ಮೆಚ್ಚಿಕೊಂಡರು, ಅದಕ್ಕೆ.

ನಾನು ಮೈಸೂರಿನವಳು, ಅತ್ತೆ ಗದಗಿನವರು. ಮದುವೆಯಾಗಿ ಹತ್ತು ಹನ್ನೆರಡು ವರ್ಷದಲ್ಲಿ ಅವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಬೈದದ್ದೂ ಇಲ್ಲ, ಅದನ್ನೂ ಹೇಳಬೇಕು. ನಾನು ಬಡಿದ ಜೋಳದ ರೊಟ್ಟಿಯನ್ನು ಎತ್ತಿ, ಆಚೆ ಈಚೆ ತಿರುಗಿಸಿ ನೋಡಿ, ಸುಮ್ಮನೆ ತಿನ್ನುತ್ತಿದ್ದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಕಳೆದ ಬೇಸಿಗೆಯಲ್ಲಿ ಅವರು ಅಮೆರಿಕದ ಇಸ್ಸಾಕ್ವಾದಲ್ಲಿರುವ ನಮ್ಮ ಮನೆಗೆ ಬಂದರು. ಗುಡ್ಡದ ಮೇಲಿನ ಬಡಾವಣೆ, ಕಾರಿಲ್ಲದೆ ಒಂದು ಕ್ಯಾನ್ ಹಾಲೂ ಸಿಗುವುದಿಲ್ಲ. ನಾವಿಬ್ಬರೂ ಆಫೀಸಿಗೆ ಹೊರಟ ಮೇಲೆ ಅತ್ತೆ ಮಂಡಿ ಹಿಡಿದುಕೊಂಡು ಇಳಿಜಾರಿನ ಕೆಳಗಿನ ಮೇಲ್‌ಬಾಕ್ಸ್‌ವರೆಗೆ ನಡೆದು ಬರುತ್ತಿದ್ದರು. ಅಲ್ಲಿ ಈ ಪಕ್ಕದ ಮನೆಯವಳು ಸಿಕ್ಕಳು. ನಲವತ್ತರ ಆಸುಪಾಸಿನ ಜರ್ಮನಿಯವಳು, ಅಮೆರಿಕದವನನ್ನು ಮದುವೆಯಾಗಿ ಬಂದವಳು. ಹಿಂದೆ ಅಲ್ಲಿಯ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದಳಂತೆ. ಅವರ ಭಾಷೆಯಲ್ಲಿ ಅದು ಲಾಯ್ಟ್‌ನಂಟ್. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಅತ್ತೆಯ ತೋಳು ಹಿಡಿದು ಮೇಲೆ ಹತ್ತಿಸಿಕೊಂಡು ಬಂದಳು. ಮರುದಿನವೂ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ತಿಂಗಳೊಳಗೆ ಅವಳು ನನ್ನ ಅಡುಗೆಮನೆಯಲ್ಲೇ ರೊಟ್ಟಿ ಬಡಿಯುವುದನ್ನು ಕಲಿತಳು. ಅತ್ತೆ ಆ ರೊಟ್ಟಿಯನ್ನು ಎತ್ತಿ ಹಿಡಿದು "ಭೇಷ್" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಗದಗಿಗೆ ಫೋನ್ ಮಾಡಿದಾಗಲೂ ಅವಳದೇ ಪುರಾಣ. "ನಮ್ಮ ಬಾಜೂ ಮನ್ಯಾಗ ಮಿಲ್ಟ್ರಿ ಆಫೀಸರ್ ಅದಾಳ. ಹೆಣ್ಣಂದ್ರ ಹಂಗಿರಬೇಕು ನೋಡು."

ನಾನು ಸುಮ್ಮನಿರುವವಳೇ? ಅವಳು ತೋರಿಸಿದ ಹಳೆಯ ಫೋಟೋದಲ್ಲಿ ಹೆಗಲ ಮೇಲೆ ಒಂದೇ ಸ್ಟಾರ್ ಇತ್ತು. ಗೂಗಲ್ ಮಾಡಿ ನೋಡಿಕೊಂಡು ಹೋಗಿ, "ಅತ್ತೆ, ನಮ್ಮ ದೇಶದಲ್ಲಿ ಲೆಫ್ಟಿನೆಂಟಿಗೆ ಎರಡು ಸ್ಟಾರ್ ಇರುತ್ತೆ. ಇವಳಿಗೆ ಒಂದೇ" ಎಂದೆ.

ಅತ್ತೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತದೆ, "ಒಂದರ ಐತಲ್ಲವಾ" ಎಂದರು.

ಒಂದು ಭಾನುವಾರ ಹತ್ತಿರದ ಫ್ಯಾಕ್ಟೋರಿಯಾ ಬಡಾವಣೆಯಿಂದ ನನ್ನ ಗಂಡನ ಆಫೀಸಿನವರು ಸಂಸಾರ ಸಮೇತ ಊಟಕ್ಕೆ ಬಂದಿದ್ದರು. ಬಡಿಸಿ, ಕಳಿಸಿಕೊಟ್ಟು, ಅಡುಗೆಕಟ್ಟೆ ಒರೆಸುವಷ್ಟರಲ್ಲಿ ಸಂಜೆಯಾಗುತ್ತ ಬಂದಿತ್ತು. ಅಷ್ಟರಲ್ಲಿ ಲೆಫ್ಟಿನೆಂಟ್ ಬಂದಳು. ಚಹಾ ಮಾಡಿದೆ. ಅವರಿಬ್ಬರ ನಡುವೆ ದುಭಾಷಿಯಾಗಿ ಕೂತೆ. ಅತ್ತೆಗೆ ಅಂದು ಅವಳ ನೌಕರಿಯ ವಿಷಯ ಪೂರ್ತಿ ತಿಳಿಯಬೇಕಿತ್ತು.

ಲೆಫ್ಟಿನೆಂಟ್ ಎಂದರೆ ಆಫೀಸರುಗಳಲ್ಲಿ ಎಲ್ಲರಿಗಿಂತ ಕೆಳಗಿನವಳು ಎಂದು ಅವಳು ನಗುತ್ತ ಹೇಳಿದಳು. ಒಂದು ತುಕಡಿಯ ಹೊಣೆಯೆಲ್ಲ ಇವಳದು. ಆದರೆ ಅಪ್ಪನ ವಯಸ್ಸಿನ ಹವಾಲ್ದಾರ ಇವಳೆದುರು ಹೂಂ ಎಂದು, ತನಗೆ ಸರಿಕಂಡದ್ದನ್ನೇ ಮಾಡುತ್ತಿದ್ದ. ಏನಾದರೂ ಕೆಟ್ಟರೆ ಕ್ಯಾಪ್ಟನ್ ಕರೆಯುತ್ತಿದ್ದುದು ಇವಳನ್ನೇ. ಊಟಕ್ಕೆ ಮೊದಲು ಸೈನಿಕರು, ಕೊನೆಗೆ ಇವಳು.

ನಾನು ಹೇಳಿ ಮುಗಿಸಿದಾಗ ಅತ್ತೆ ಬಟ್ಟಲು ಕೆಳಗಿಟ್ಟರು. "ಅಂದ್ರ ಹೊಸಾ ಸೊಸಿ ಇದ್ದಂಗ" ಎಂದರು. ಅವಳ ಮುಖ ನೋಡಿ, ನಾನು ಎಂದೂ ಕೇಳದ ಮೆತ್ತಗಿನ ದನಿಯಲ್ಲಿ, "ಕೇಳು ಆಕೀನ್ನ. ಎಲ್ಲಾರಿಗೂ ಉಣ್ಣಾಕ ನೀಡಿ ಕುಂತಾಗ, ನೀ ಉಂಡೇನವಾ ಅಂತ ಯಾರರ ಕೇಳ್ತಿದ್ರೇನು?" ಎಂದರು.

ಆ ದನಿ ನನಗೆ ಸಿಗಬೇಕಾಗಿತ್ತು. ಬೆಳಗಿನಿಂದ ಒಲೆ ಮುಂದೆ ನಿಂತವಳು ನಾನು, ಉಂಡೆಯಾ ಎಂಬ ಮಾತು ಮಾತ್ರ ಅವಳಿಗೆ! ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸದೆ ನಾನೇ ಉತ್ತರ ಕೊಟ್ಟುಬಿಟ್ಟೆ.

"ಇಲ್ಲ. ಯಾರೂ ಕೇಳಲಿಲ್ಲ" ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. "ಆಕಿ ಇನ್ನೂ ಬಾಯಿನ ತೆಗದಿಲ್ಲಲ್ಲ" ಎಂದರು.

ತಡಬಡಿಸಿ ಅವಳಿಗೆ ಆ ಪ್ರಶ್ನೆ ಕೇಳಿದೆ. ಅವಳು ಖುಷಿಯಿಂದ, ಅಡುಗೆಯವನು ತನಗೆಂದು ಯಾವಾಗಲೂ ಒಂದು ತಟ್ಟೆ ಮುಚ್ಚಿಡುತ್ತಿದ್ದ, ಉಣ್ಣದೆ ಹೋಗಲು ಬಿಡುತ್ತಲೇ ಇರಲಿಲ್ಲ ಎಂದಳು. ಅಲ್ಲಿಯೂ ಅವಳದೇ ಅದೃಷ್ಟ. ಬಂದೂಕು ಹಿಡಿದವರ ನಡುವೆಯೂ ಅವಳನ್ನು ಕೇಳುವವನೊಬ್ಬನಿದ್ದ. ಹಲ್ಲು ಕಚ್ಚಿಕೊಂಡು ಅದನ್ನೂ ಕನ್ನಡದಲ್ಲಿ ಹೇಳಿದೆ.

ಅತ್ತೆಯ ಕಣ್ಣು ನನ್ನ ಮೇಲೆಯೇ ಇತ್ತು. ಆಮೇಲೆ ಒಲೆಯ ಪಕ್ಕ ತಳ ಕಾಣುತ್ತಿದ್ದ ಪಾತ್ರೆಗಳ ಕಡೆ ನೋಡಿದರು.

"ನೀ ಉಂಡೇನು?" ಎಂದರು.

ಇಲ್ಲವೆಂದು ತಲೆಯಾಡಿಸಿದೆ. ಬಾಯಿ ತೆರೆದರೆ ಅಳು ಬರುತ್ತಿತ್ತು. ಅತ್ತೆ ಮಂಡಿ ಹಿಡಿದುಕೊಂಡು ಎದ್ದು, ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿ ತೆಗೆದು, ನನಗೆಂದು ತಟ್ಟೆ ಇಟ್ಟರು.

ಲೆಫ್ಟಿನೆಂಟ್ ನನ್ನತ್ತ ಬಾಗಿ, ಅತ್ತೆ ಈಗ ಏನು ಕೇಳಿದರು ಎಂದಳು. ಅವರಾಡಿದ್ದನ್ನೆಲ್ಲ ಅವಳಿಗೆ ಹೇಳುತ್ತ ಬಂದಿದ್ದೆ. ಅದೊಂದನ್ನು ಮಾತ್ರ ಹೇಳದೆ ನನಗೇ ಇಟ್ಟುಕೊಂಡೆ.