ಸಾಯಲೊಲ್ಲದ ಪ್ರೋಗ್ರಾಂ

ಇದು ನನಗೇ ಆದದ್ದು. ಜೊತೆಗಿದ್ದವರು ಗಣಪಣ್ಣ ಒಬ್ಬರೇ. ನಂಬದವರು ಅವರನ್ನು ಕೇಳಬಹುದು. ಕಂಡದ್ದಕ್ಕೆ ಒಂದು ಮಾತೂ ಸೇರಿಸುವುದಿಲ್ಲ.

ಆನಂದಪುರದ ಹತ್ತಿರ ಬಾಳೆಕಾಯಿ ಹಣ್ಣು ಮಾಡುವ ಘಟಕವಿದೆ. ಗಾಳಿಯಾಡದ ಕೋಣೆ, ದಪ್ಪ ಬಾಗಿಲು, ಕರೆಂಟ್ ಇರುವಷ್ಟು ಹೊತ್ತು ಬಿಗಿದುಕೊಂಡಿರುವ ಲಾಕ್. ಅದನ್ನು ನಡೆಸುವ ಪ್ರೋಗ್ರಾಂ ಬರೆದವಳು ನಾನು. ಅದು ಕಾಯುತ್ತಾ ಕೂತಿರುತ್ತದೆ. ಯಾರಾದರೂ ಗುಂಡಿ ಒತ್ತಿದರೆ, ಸೆನ್ಸರ್‌ನಿಂದ ಅಂಕಿ ಬಂದರೆ ಎಚ್ಚೆತ್ತು, ಆ ಕೆಲಸ ಮುಗಿಸಿ, ಮತ್ತೆ ಕಾಯುತ್ತದೆ. ನಾವು ಊಹಿಸದ ಎರರ್ ಬಂದರೆ ಅದು ಸಾಯಬೇಕು. ಸತ್ತರೆ ಲಾಕ್ ಬಿಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಹೊಸದಾಗಿ ಶುರುವಾಗುತ್ತದೆ.

ಆದರೆ ಹಾಗೆ ಬಿಟ್ಟುಕೊಂಡಾಗಲೆಲ್ಲ ಕಾಯಿ ಮಾಗಿಸಲು ಬಿಟ್ಟ ಗ್ಯಾಸ್ ಹೊರಗೆ ಹೋಗಿ ಅರ್ಧ ಲೋಡು ಕಾಯಿಯಾಗಿಯೇ ಉಳಿಯುತ್ತಿತ್ತು. "ಏನೇ ಆಗ್ಲಿ, ನಿಲ್ಲಬಾರ್ದು" ಎಂದರು ಮಾಲೀಕರು. ಹಾಗಾಗಿ ಯಾವ ಎರರ್ ಬಂದರೂ ನುಂಗಿಕೊಂಡು ಮುಂದುವರಿಯುವಂತೆ ಮಾಡಿದ್ದೆ.

ಆ ರಾತ್ರಿ ಸೆನ್ಸರ್‌ನ ವೈರ್ ಸರಿಮಾಡಲು ನಾನೂ ಕಾವಲಿನ ಗಣಪಣ್ಣನೂ ಒಳಗೆ ಹೋದೆವು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕೆಲಸ ಮುಗಿಸಿ ಬಾಗಿಲು ತೆರೆಯುವ ಗುಂಡಿ ಒತ್ತಿದೆ. ಕೆಂಪು ದೀಪ ಮಿನುಗಿತು. ಲಾಕ್ ಬಿಡಲಿಲ್ಲ.

"ಇನ್ನೊಂದ್ಸಲ ಒತ್ತಿ ಮೇಡಂ. ನೀವೇ ಸಾಕಿದ್ದಲ್ವಾ, ನಿಮ್ಮ ಮಾತಾದ್ರೂ ಕೇಳ್ತದಾ ನೋಡಾಣ."

ಒತ್ತಿದೆ. ದೀಪ ಮಿನುಗಿತು. ಅಷ್ಟೇ...

ಆಗ ಅರ್ಥವಾಯಿತು. ಬಾಗಿಲು ತೆರೆಯುವ ಮೊದಲು ಪ್ರೋಗ್ರಾಂ ಸೆನ್ಸರ್‌ನ ಅಂಕಿ ನೋಡುತ್ತದೆ. ಆಗಷ್ಟೇ ವೈರ್ ಜೋಡಿಸಿದ ಸೆನ್ಸರ್ ಇನ್ನೂ ಎಚ್ಚೆತ್ತಿರಲಿಲ್ಲ, ಅಂಕಿಯ ಜಾಗದಲ್ಲಿ ಏನೂ ಬಂದಿಲ್ಲ. ಕೆಲಸ ನಡುವೆಯೇ ತುಂಡಾಗಿದೆ. ಎರರ್ ನುಂಗಿದ ಪ್ರೋಗ್ರಾಂ, ಬಾಗಿಲು ಇನ್ನೂ ತೆರೆಯುತ್ತಲೇ ಇದೆ ಎಂದುಕೊಂಡು, ನಾವು ಎಷ್ಟು ಒತ್ತಿದರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಸತ್ತಿದ್ದರೆ ನಾವು ಹೊರಗಿರುತ್ತಿದ್ದೆವು.

ಮೊಬೈಲಿಗೆ ಸಿಗ್ನಲ್ ಇಲ್ಲ. ಹಣ್ಣಿನ ಸಿಹಿ ವಾಸನೆ ಗಂಟಲಿಗೆ ಅಂಟಿತು. ಮಾಗುವ ಕಾಯಿಯೂ ನಮ್ಮ ಹಾಗೆ ಉಸಿರಾಡುತ್ತದೆ... ಕೋಣೆ ತುಂಬ ಕಾಯಿ, ಇರುವಷ್ಟೇ ಗಾಳಿ. ತಲೆ ಸಿಡಿಯತೊಡಗಿತು.

"ಹೊರಗೆ ಮೇನ್ ಸ್ವಿಚ್ ಇಳಿಸೋರು ಯಾರಾದ್ರೂ ಇದಾರಾ ಗಣಪಣ್ಣ?"

"ಬೆಳಗ್ಗೆ ಲಾರಿ ಬರೋತನಕ ನರಪಿಳ್ಳೆ ಇಲ್ಲ. ಕೂತ್ಕಳಿ. ಮಾತಾಡ್ಬೇಡಿ."

ಕೂತೆವು. ಅವರ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು.

ಆಮೇಲೆ ಹೊರಗೆ ಹೆಜ್ಜೆ... ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು. ಆ ಬಾಗಿಲಿನಾಚೆಯ ಸದ್ದು ಒಳಗೆ ಕೇಳುವಂತಿಲ್ಲ. ಆದರೂ ಇಬ್ಬರಿಗೂ ಕೇಳಿತು. ಕೂಗಿದೆವು. ಹೆಜ್ಜೆ ಬಾಗಿಲ ಹತ್ತಿರ ನಿಲ್ಲಲಿಲ್ಲ. ದಾಟಿ ಹೋಯಿತು.

ಖಟ್.

ಫ್ಯಾನ್ ನಿಂತಿತು. ಕತ್ತಲೆ. ಲಾಕ್ ಬಿಟ್ಟುಕೊಂಡಿತು.

ಹೊರಗೆ ನೆಲದ ಮೇಲೆ ಬಿದ್ದು ಉಸಿರೆಳೆದೆವು. ಕರೆದೆವು, ಯಾರೂ ಓಗೊಡಲಿಲ್ಲ. ಗೇಟಿನ ಒಳಚಿಲಕ ಹಾಕಿದಂತೆಯೇ ಇತ್ತು. ಸ್ವಿಚ್ ಕೋಣೆಗೆ ಬೀಗ. ಬೀಗದ ಕೈ ಗಣಪಣ್ಣನ ಜೇಬಿನಲ್ಲಿ. ತೆಗೆದು ಟಾರ್ಚ್ ಬಿಟ್ಟರೆ, ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು. ಅದು ತಾನಾಗಿ ಬೀಳುವಂಥದ್ದಲ್ಲ. ಬಲವಾಗಿ ಎಳೆಯಬೇಕು.

ಮರುದಿನವೇ ಪ್ರೋಗ್ರಾಂ ಬದಲಿಸಿದೆ. ಗೊತ್ತಿಲ್ಲದ ಎರರ್ ಬಂದರೆ ಈಗ ಅದು ಗ್ಯಾಸ್ ನಿಲ್ಲಿಸಿ, ಲಾಕ್ ಬಿಟ್ಟು ಸಾಯುತ್ತದೆ. ಗಣಪಣ್ಣನಿಗೆ ತೋರಿಸಿದೆ.

"ಒಳ್ಳೇದಾತು. ಆದ್ರೆ ಸ್ವಿಚ್ ಕೋಣೆಗೆ ಬೀಗ ಬ್ಯಾಡ ಮೇಡಂ."

"ಯಾಕೆ?"

ಅವರು ದನಿ ತಗ್ಗಿಸಿದರು. "ಇನ್ನೊಂದ್ಸಲ ಬಂದ್ರೆ ಅವ್ರಿಗೆ ತೊಂದ್ರೆ ಆಗ್ಬಾರ್ದು."

ನನಗೆ ನಗು ಬರಲಿಲ್ಲ. ಬೀಗ ತೆಗೆದು ಚೀಲಕ್ಕೆ ಹಾಕಿಕೊಂಡೆ. ಮಾಲೀಕರು ಹೊಸ ಬೀಗ ತಂದಾಗಲೆಲ್ಲ ಈಗಲೂ ಹಾಗೇ ಮಾಡುತ್ತೇನೆ...