ಸ್ಪೀಕರಿಗೆ ಎದೆಯಾನಿಸಿ ಕೇಳಿದ ಪೂಜೆ

ಅಂದು ಬೆಳಿಗ್ಗೆಯೂ ಅತ್ತೆ ಎಂದಿನಂತೆ ಕಿವಿಯ ಮಷೀನು ತೆಗೆದು ಕಪಾಟಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಮಷೀನಿಗೆ ಮಡಿ ಇಲ್ಲ. ಗಳದ ಮೇಲಿನ ಮಡಿಸೀರೆಯನ್ನು ಕೋಲಿನಿಂದ ಎಳೆದು ಉಟ್ಟು ದೇವರ ಮನೆ ಸೇರಿದರು. ಮನೆಯವರು ಊಟದ ಡಬ್ಬಿ ಹಿಡಿದು ಬಾಲಾನಗರದ ಫ್ಯಾಕ್ಟರಿಗೆ ಹೊರಟರು. ನನ್ನ ಸ್ನಾನ ಇನ್ನೂ ಆಗಿರಲಿಲ್ಲ.

ದಿನವೂ ಟಿವಿಯಲ್ಲಿ ರಾಯರ ಮಠದ ಪೂಜೆ ನೋಡುವುದು ಅತ್ತೆಯ ಪದ್ಧತಿ. ಮಷೀನಿಲ್ಲದ ಕಿವಿಗೆ ಟಿವಿಯ ಸದ್ದು ಸಾಲದು. ಪೂರ್ತಿ ಏರಿಸಿದರೆ ಇಡೀ ಮಹಡಿಗೆ ಮಂತ್ರ. ಸ್ಪೀಕರಿನ ಪಕ್ಕ ಕೂತರೆ ಕಡಿಮೆ ಸದ್ದೂ ಸಾಕೆಂದು ಹೋಮ್ ಥಿಯೇಟರ್ ತಂದಿದ್ದೆವು. ಅವರು ಪೂಜೆಯಿಂದ ಏಳುವುದರೊಳಗೆ ಜೋಡಿಸಬೇಕೆಂದು ನಾನೇ ಕುಳಿತೆ. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ, ಟಿವಿಯ ಬೆನ್ನಿಗೊಂದು ಎಚ್‌ಡಿಎಂಐ ಕೇಬಲ್. ಆದರೂ ಸದ್ದು ಟಿವಿಯಿಂದಲೇ. ಸೆಟ್ಟಿಂಗ್ಸ್ ಹುಡುಕಿ ಬದಲಿಸಿದ ಮೇಲೆ ಮೂಲೆಯ ಎತ್ತರದ ಸ್ಪೀಕರಿನಿಂದ ಗಂಟೆಯ ನಾದ ಬಂತು. ಷೋಕೇಸಿನ ಗಾಜು ಸಣ್ಣಗೆ ನಡುಗಿತು.

ಪೂಜೆ ಮುಗಿಸಿ ಬಂದ ಅತ್ತೆ ಮಣೆ ಎಳೆದುಕೊಂಡು ಸ್ಪೀಕರಿನ ಪಕ್ಕದಲ್ಲೇ ಕೂತರು. ಹೊಸ ಸಾಮಾನಿಗೆ ಮೈಲಿಗೆಯಿಲ್ಲ ಎಂಬುದು ಅವರ ಲೆಕ್ಕ. ಆಮೇಲೆ ಮಗುವನ್ನು ತಬ್ಬುವಂತೆ ತಬ್ಬಿ, ಕೆನ್ನೆಯನ್ನೂ ಎದೆಯನ್ನೂ ಅದಕ್ಕೆ ಆನಿಸಿದರು.

“ಎದಿಯೊಳಗ ಕೇಳಸ್ತದ ನೋಡವಾ.”

ನನಗೂ ಖುಷಿಯಾಯಿತು. ಕೈಗೆ ಬಂದ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವುದು ಕಾನ್ವೆಂಟಿನಿಂದ ಬಂದ ಚಟ. ಡಬ್ಬದಲ್ಲಿದ್ದ ಪುಸ್ತಕದ ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಸ್ಪೀಕರಿನೊಳಗೆ ಅಯಸ್ಕಾಂತವಿದೆ, ಹೃದಯಕ್ಕೆ ಉಪಕರಣ ಹಾಕಿಸಿಕೊಂಡವರು ದೂರವಿರಬೇಕು ಎಂದಿತ್ತು.

ಆ ಚಳಿಗಾಲದಲ್ಲೇ ಅತ್ತೆಯ ಎಡ ಹೆಗಲ ಕೆಳಗೆ ಪೇಸ್‌ಮೇಕರ್ ಇಟ್ಟಿದ್ದರು. ಎದೆಯ ಬಡಿತ ಅದರ ಮೇಲೆಯೇ ನಡೆಯುತ್ತಿತ್ತು. ಅವರು ಸ್ಪೀಕರಿಗೆ ಒತ್ತಿದ್ದು ಅದೇ ಎಡಭಾಗವನ್ನು.

ಅತ್ತೀಯವರ, ಹಿಂದ ಸರೀರಿ ಎಂದು ಕೂಗಿದೆ. ಕೇಳಿಸಲಿಲ್ಲ. ಗಾಬರಿಯಲ್ಲಿ ರಿಮೋಟ್ ಒತ್ತಿ ಸದ್ದು ನಿಲ್ಲಿಸಿದೆ. ಸದ್ದೇನೋ ಕಡಿಮೆಯಾಯಿತೆಂದುಕೊಂಡು ಅವರು ಇನ್ನಷ್ಟು ಒತ್ತಿಕೊಂಡು ಕಣ್ಣು ಮುಚ್ಚಿದರು. ನನ್ನ ಕೈ ಮುಂದೆ ಹೋಗಿ ನಿಂತಿತು. ಮದುವೆಯಾಗಿ ಬಂದಂದಿನಿಂದ ಮಡಿಯಲ್ಲಿದ್ದ ಅವರನ್ನು ನಾನು ಮುಟ್ಟಿದವಳಲ್ಲ.

ಅವರ ಕುತ್ತಿಗೆ ಸ್ವಲ್ಪ ವಾಲಿತು. ನಾನು ರಟ್ಟೆ ಹಿಡಿದು ಎಳೆದುಬಿಟ್ಟೆ.

ಕಣ್ಣು ತೆರೆದರು. ಮೊದಲು ನನ್ನ ಕೈ ನೋಡಿದರು, ಆಮೇಲೆ ಮುಖ.

“ಮುಟ್ಟಿದೆಲ್ಲವಾ. ಇನ್ನೊಮ್ಮೆ ನೀರು ಹಾಕ್ಕೋಬೇಕು.”

ಆ ಎರಡನೆಯ ಸ್ನಾನ ಮುಗಿಯುವವರೆಗೂ ಬಚ್ಚಲ ಬಾಗಿಲಿಗೆ ಕಿವಿಯಿಟ್ಟು ನಿಂತೆ. ತಂಬಿಗೆಯ ಸದ್ದು ನಡುವೆ ನಿಂತಾಗಲೆಲ್ಲ ಬಾಗಿಲು ದೂಡಲು ಕೈ ಇಡುತ್ತಿದ್ದೆ. ಆಸ್ಪತ್ರೆಗೆ ಫೋನ್ ಮಾಡಿದರೆ ನರ್ಸಮ್ಮ ಈ ಊರಿನ ತೆಲುಗಿನಲ್ಲಿ, ದೂರ ಸರಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ತಲೆ ಸುತ್ತಿದರೆ ಮಾತ್ರ ತಡಮಾಡದೆ ಕರೆತನ್ನಿ ಎಂದರು. ಆ ‘ಮಾತ್ರ’ ಎಂಬುದನ್ನೇ ಹಿಡಿದು ಇಡೀ ದಿನ ಕಳೆದೆ. ಊಟದ ಹೊತ್ತಿಗೆ ಅವರು ಗೋಡೆ ಹಿಡಿದು ಎದ್ದರು. ದಿನವೂ ಹಾಗೆಯೇ ಏಳುತ್ತಿದ್ದರೇ, ನೆನಪಾಗಲಿಲ್ಲ. ಮಧ್ಯಾಹ್ನ ಮಲಗಿದಾಗ ಸೆರಗಿನ ಅಂಚು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತೆ. ಟಿವಿ ಹಚ್ಚಲಿಲ್ಲ.

ಸಂಜೆ ಅವರಿಗೆ ಮತ್ತೆ ಜೋಂಪು ಹತ್ತಿತು. ಕಸದ ಡಬ್ಬಿ ಹೊರಗಿಡಲು ಒಂದು ಗಳಿಗೆ ಬಾಗಿಲಿಗೆ ಬಂದೆ. ಎದುರು ಮನೆಯ ಬೀದರಿನಾಕೆ ಕೊತ್ತಂಬರಿ ಸೋಸುತ್ತ, ತಲೆ ಎತ್ತದೆಯೇ ಕೇಳಿದಳು:

“ಯಾಕ್ರೀ ಅಕ್ಕಾರ, ಇವತ್ತು ನಿಮ್ಮ ಮನಿ ಭಾಳ ಸುಮ್ಮನೈತಲ್ರೀ. ಅಜ್ಜಿಯವರು ಇಲ್ಲೇನ್ರೀ?”