ಜೋಳದ ಹೊಲದಲ್ಲಿ ಅಪ್ಪನ ಕ್ಯಾಸೆಟ್‌ಗಳು

ಹರಿಹರ-ದಾವಣಗೆರೆಯ ಸಮಸ್ತ ಸಂಗೀತರಸಿಕ ಮಹಾಜನಗಳೇ, ದಯವಿಟ್ಟು ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿ.

ಅಪ್ಪ ಇಪ್ಪತ್ತು ವರ್ಷ ರೇಡಿಯೋ ಮುಂದೆ ಕೂತು ತುಂಬಿಸಿಕೊಂಡ ಹಿಂದೂಸ್ತಾನಿ ಗಾಯನದ ಕ್ಯಾಸೆಟ್‌ಗಳನ್ನು ಅವ್ವ ಕೊಂಡಜ್ಜಿ ಊರಿನ ನನ್ನ ಸೋದರಮಾವನಿಗೆ ಕೊಟ್ಟುಬಿಟ್ಟಿದ್ದಳು. ಇವತ್ತು ಅಪ್ಪನ ಜೊತೆ ಹೋಗಿ ನೋಡಿದರೆ, ಹಕ್ಕಿ ಬೆದರಿಸಲೆಂದು ಒಳಗಿನ ರೀಲನ್ನೆಲ್ಲ ಎಳೆದು ಜೋಳದ ಹೊಲದ ಉದ್ದಕ್ಕೂ ಬಿಗಿದಿದ್ದಾನೆ. ಗಾಳಿಗೆ ಅದು ಗುಂಯ್‌ಗುಡುತ್ತಿದೆ.

“ಒಂದು ಗಿಳಿನೂ ಸುಳಿದಿಲ್ಲ ನೋಡ್ರಿ ಭಾವ!” ಎಂದ ಮಾವ.

ಅಪ್ಪ ಒಂದು ಎಳೆಯನ್ನು ಬೆರಳಲ್ಲಿ ಹಿಡಿದು, “ಇದು ಯಾವ ರಾಗಾನೋ, ಈಗ ಹೆಂಗ್ ಗೊತ್ತಾಗ್ಬೇಕು?” ಅಂದರು.

ಅವ್ವನನ್ನು ಬೈಯಬೇಡಿ. “ಇವು ಬೇಕೇನೋ?” ಎಂದು ಆಕೆ ಕೇಳಿದಾಗ, ಮೊಬೈಲಿನಿಂದ ತಲೆ ಎತ್ತದೆ “ಬ್ಯಾಡ ಬಿಡವ್ವ, ಎಲ್ಲಾ ಆನ್‌ಲೈನ್ ಐತೆ” ಅಂದವನು ನಾನು.